ನಾಲ್ಕು ಬಣ್ಣದ ರಟ್ಟು

ಯೊಎನ್ಸೂ ಊರಿನ ಆಸ್ಪತ್ರೆಯಲ್ಲಿ
ಇಪ್ಪತ್ತಾರು ವರ್ಷ
ಕಡತದ ಗಾಡಿ ತಳ್ಳಿದವಳು ನಾನು.
ಎದೆಗೆ ಕೆಂಪು ರಟ್ಟು, ಮನಸ್ಸಿಗೆ ಹಳದಿ,
ನರಕ್ಕೆ ನೀಲಿ, ಮರೆವಿನವರಿಗೆ ಬೂದು.
ಬೂದು ಆರಿಸಿದವರು ಯಾರೋ,
ಅವರ ಮುಖ ಒಮ್ಮೆ ನೋಡಬೇಕಿತ್ತು.
ಒಳಗಿನದು ಓದಬಾರದು ಅಂತ ನಿಯಮ.
ನಾನು ಓದುವವಳಲ್ಲ.
ಆದರೆ ಲಿಫ್ಟು ಬಹಳ ನಿಧಾನ.

ಕೆಂಪು:
ಎಸ್ಕೊ ವೋರ್ನಾನೆನ್, ಐವತ್ತೆಂಟು, ಮರ ಕಡಿಯುವವ.
ಜನವರಿಯ ಕಾಡಿನಲ್ಲಿ ಗರಗಸ ಹಿಡಿದವನು
ಸುಮ್ಮನೆ ದಿಮ್ಮಿಯ ಮೇಲೆ ಕೂತನಂತೆ,
ಬೆವರಿದನಂತೆ,
ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ.
'ಬೆಣ್ಣೆ ಎಷ್ಟು?' ಎಂಬ ಪ್ರಶ್ನೆಯ ಮುಂದೆ
'ಬ್ರೆಡ್ಡು ಕಾಣದಷ್ಟು' ಎಂದಿತ್ತು.
ಕೊನೆಯ ಸಾಲು: ಎದೆ ಸುಧಾರಿಸಿದೆ, ಮನೆಗೆ ಕಳಿಸಿದೆ.

ಸುಧಾರಿಸಿದ ಎದೆ ಹೊತ್ತು ಮನೆಗೆ ಹೋದವನು
ಗೋಡೆಯ ಕಡೆ ತಿರುಗಿ ಮಲಗಿದ.

ಹಳದಿ ರಟ್ಟಿನಲ್ಲಿ ಎರಡೇ ಹಾಳೆ.
ಹೆಂಡತಿ ಹೆಲ್ವಿಯ ಮಾತು:
ಸೌನಾದ ಒಲೆ ಹೊತ್ತಿಸುವುದಿಲ್ಲ.
ಕೆರೆ ಹೆಪ್ಪುಗಟ್ಟಿದೆ, ಮೀನಿಗೆ ಹೋಗುವುದಿಲ್ಲ.
ಎದೆಯ ಮಾತ್ರೆಗಳು ಹೂಕುಂಡದ ಮಣ್ಣಿನಲ್ಲಿ ಸಿಕ್ಕವು,
ಬೀಜ ಊರಿದ ಹಾಗೆ, ಸಾಲಾಗಿ.
ಎಸ್ಕೊನ ಮಾತು: ಏನಿಲ್ಲ.
ಕೆಳಗೆ ವೈದ್ಯರದು:
ಮಾತ್ರೆಯ ವಿಚಾರ ಮೇಲಿನ ಮಹಡಿಯಲ್ಲಿ ಕೇಳುವುದು.

ಆರು ವರ್ಷದ ಮೇಲೆ ನೀಲಿ.
ಎಡಗೈಯಿಂದ ಕಾಫಿ ಲೋಟ ಜಾರಿತು.
ಜಾರಿದ್ದು ಅವನಿಗೆ ಸದ್ದಾಗಿ ಮಾತ್ರ ತಿಳಿಯಿತು.
ತಾಳ ತಪ್ಪಿದ ಎದೆ ಒಂದು ಹನಿ ರಕ್ತವನ್ನು ಹೆಪ್ಪು ಮಾಡಿ
ಮೇಲಕ್ಕೆ ತೇಲಿಬಿಟ್ಟಿತ್ತು.
ಹುಡುಗನಾಗಿದ್ದಾಗ ಅವನೂ
ಪಿಯೆಲಿಸ್ ಹೊಳೆಯಲ್ಲಿ ಮರ ತೇಲಿಬಿಟ್ಟವನೇ.
ಅವನಿಗೆ ಗೊತ್ತಿತ್ತು: ಹೊಳೆ ಕವಲೊಡೆದು
ಸಣಕಲಾಗುವ ಜಾಗದಲ್ಲಿ
ಒಂದು ದಿಮ್ಮಿ ಅಡ್ಡ ತಿರುಗಿದರೆ ಸಾಕು,
ಕೆಳಗಿನ ಗಿರಣಿ ನಿಲ್ಲುತ್ತದೆ.

ಅವತ್ತು ಮೂರು ರಟ್ಟನ್ನೂ ಸೇರಿಸಿ
ರಬ್ಬರ್ ಬ್ಯಾಂಡು ಹಾಕಿದೆ.
ಮೇಲ್ವಿಚಾರಕಿ ಸಿರ್ಕ್ಕ ಬಿಚ್ಚಿದಳು.
'ಹಾಗಾದರೆ ಬಣ್ಣ ಇರುವುದು ಯಾಕೆ?'
ಉತ್ತರ ನನ್ನ ಹತ್ತಿರ ಇರಲಿಲ್ಲ.
ಮರುವಾರ ಮತ್ತೆ ಹಾಕಿದೆ.

ಇದರಿಂದ ಅದು ಹುಟ್ಟಿತೋ, ಅದರಿಂದ ಇದೋ,
ಹೊತ್ತು ತಿರುಗುವವಳು ನಾನೇನು ಹೇಳಲಿ?
ತಿಳಿದವರೂ 'ಸಂಬಂಧ ಉಂಟು' ಎಂದಷ್ಟೇ ಅಂದು
ಕನ್ನಡಕ ಒರೆಸಿಕೊಳ್ಳುತ್ತಾರೆ,
ಬೀಗರ ಮನೆಯ ಸುದ್ದಿ ಹೇಳಿದ ಹಾಗೆ.
ಒಂದೇ ಮೈಯಲ್ಲಿ ಬಾಡಿಗೆಗಿದ್ದವರು
ಒಬ್ಬರಿಗೊಬ್ಬರು ಪರಿಚಯ ಇರುವುದಿಲ್ಲವೇ?

ಬೂದು ಬಂದದ್ದು ಸದ್ದಿಲ್ಲದೆ.
'ಗಡಿಯಾರ ಬರೆಯಿರಿ. ಹನ್ನೊಂದು ಗಂಟೆ, ಹತ್ತು ನಿಮಿಷ.'
ಅವನೊಂದು ದುಂಡು ಬರೆದ, ಕೈ ನಡುಗದ ದುಂಡು.
ಒಳಗೆ ಇನ್ನೊಂದು. ಅದರೊಳಗೆ ಮತ್ತೊಂದು.
ಮುಳ್ಳಿಲ್ಲ, ಅಂಕಿಯಿಲ್ಲ.
ಅದು ಗಡಿಯಾರವಲ್ಲ,
ಕಡಿದ ಮರದ ಬೊಡ್ಡೆ.
ಅಗಲದ ಉಂಗುರ, ತೆಳು ಉಂಗುರ,
ಬಿಸಿಲು ಕಾಣದ ಬೇಸಿಗೆಗಳ ಒತ್ತೊತ್ತು ಗೆರೆ.
ಎರಡನೇ ಮಹಡಿಯಿಂದ ಐದನೆಯದರ ತನಕ
ಎಣಿಸಿದೆ: ಅರವತ್ತೇಳು.
ರಟ್ಟಿನ ಮೇಲೆ ವಯಸ್ಸು ನೋಡಿದೆ: ಅರವತ್ತೇಳು.
ಪಕ್ಕದಲ್ಲಿ ಕೆಂಪು ಶಾಯಿ: ಅಂಕ, ಸೊನ್ನೆ.

ಒಂದು ಸಲ ಮಾತ್ರ ಅವರನ್ನು ಕಂಡೆ.
ಹೆಲ್ವಿಯ ಕೈಯಲ್ಲಿ ನಾಲ್ಕು ಚೀಟಿ,
ನಾಲ್ಕು ಬಾಗಿಲು, ನಾಲ್ಕು ಹೊತ್ತು.
ಅವನ ಎದೆಯ ಗುಂಡಿ ತಪ್ಪಾಗಿ ಹಾಕಿತ್ತು,
ಅವಳು ಬಿಚ್ಚಿ ಮತ್ತೆ ಮೇಲಿನಿಂದ ಹಾಕುತ್ತಿದ್ದಳು.
ಅವಳ ಭುಜದ ಮೇಲಿಂದ ಅವನು
ನನ್ನನ್ನು, ನನ್ನ ಗಾಡಿಯನ್ನು ನೋಡಿ
ಗಾಬರಿಯಿಂದ ಕೇಳಿದ:
'ಗರಗಸ ಆರಿಸಿದೆಯಾ?'

ಹತ್ತು ವರ್ಷದ ಹಿಂದಿನ ಹಿಮದಲ್ಲಿ
ಅದು ಇನ್ನೂ ಗುರುಗುಟ್ಟುತ್ತಿತ್ತು.
ನಿಯಮ ಏನಿತ್ತೋ ಮರೆತೆ.
'ಆರಿಸಿದೆ' ಅಂದೆ.
ಅವನು ಉಸಿರು ಬಿಟ್ಟ.
ಲಿಫ್ಟು ಬಂತು, ನಾನು ಹತ್ತಲಿಲ್ಲ.